ಹಾಡು ಕಟ್ಟಿ ಹಾಡಿದವರ ಬದುಕನ್ನು ಬರೆಯುವುದು ಹೇಗೆ

ಭಾವಗೀತೆಗಳ ಕ್ಯಾಸೆಟ್ಟುಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಅವುಗಳ ಹೊದಿಕೆಯ ಕಾಗದದ ಮೇಲೆ ಸಾಹಿತ್ಯ, ಸಂಗೀತ, ಗಾಯನ ಎಂಬ ಮೂರು ಸಾಲುಗಳು ತಪ್ಪದೆ ಇರುತ್ತಿದ್ದವು. ಮೂರರ ಮುಂದೆಯೂ ಸಾಮಾನ್ಯವಾಗಿ ಬೇರೆ ಬೇರೆ ಹೆಸರುಗಳಿರುತ್ತಿದ್ದುದರಿಂದ, ಹಾಡಿನೊಳಗೆ ‘ನಾನು’ ಎನ್ನುವವರು ಹಾಡುತ್ತಿರುವವರೇ ಎಂದು ಯಾರೂ ಭಾವಿಸುತ್ತಿರಲಿಲ್ಲ. ಆ ಮೂರೂ ಸಾಲುಗಳ ಮುಂದೆ ಒಂದೇ ಹೆಸರು ಬಂದಾಗ ಮಾತ್ರ ಓದುಗರೂ ಬರೆಯುವವರೂ ಎಚ್ಚರ ತಪ್ಪುತ್ತಾರೆ. ಹಾಡನ್ನೇ ಆತ್ಮಕಥೆಯೆಂದು ಹಿಡಿದು, ಅದರಲ್ಲಿ ಬರುವ ಪ್ರತಿಯೊಂದು ಹೆಣ್ಣಿನ ಹೆಸರಿಗೂ ಒಂದು ವಿಳಾಸ ಹುಡುಕಲು ಹೊರಡುತ್ತಾರೆ. ಹಾಡು ಕಟ್ಟಿ, ಧಾಟಿ ಕೂಡಿಸಿ, ತಾವೇ ಹಾಡಿದ ಒಬ್ಬರ ಬದುಕನ್ನು ಕುರಿತು ಮೂರು ನಾಲ್ಕು ಸಾವಿರ ಪದಗಳ ಲೇಖನ ಬರೆಯಲು ಕುಳಿತವರಿಗೆ ಈ ಎಚ್ಚರವನ್ನು ಕಾಯ್ದುಕೊಳ್ಳುವ ಕೆಲವು ದಾರಿಗಳನ್ನು ತೋರಿಸುವುದು ಇಲ್ಲಿನ ಉದ್ದೇಶ.

ಇಂಥವರಿಗೆ ನಮ್ಮಲ್ಲಿ ‘ವಾಗ್ಗೇಯಕಾರ’ ಎಂಬ ಹಳೆಯ ಹೆಸರಿದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಹಾಡಿನ ಸಾಹಿತ್ಯವನ್ನು ‘ಮಾತು’ ಎಂದೂ ಸಂಗೀತವನ್ನು ‘ಧಾತು’ ಎಂದೂ ಕರೆದು, ಎರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರ ಎಂದು ಹೇಳಿದ್ದಾನೆ. ಈ ಜೋಡಿ ಪದಗಳು ಇಂದಿಗೂ ಉಪಯುಕ್ತವಾಗಿರುವುದರಿಂದ ಮುಂದೆ ನಾನು ಅವನ್ನೇ ಬಳಸುತ್ತೇನೆ. ಉದಾಹರಣೆಗೆ ಆರಿಸಿಕೊಂಡಿರುವುದು ಕೆನಡಾದ ಕವಿ, ಗಾಯಕ ಲೆನಾರ್ಡ್ ಕೊಹೆನ್ ಅವರನ್ನು. ಶಿಶುನಾಳ ಷರೀಫರನ್ನೇ ಆರಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿರಬಹುದು. ಷರೀಫರ ಕಾಲ 1819ರಿಂದ 1889 ಎಂಬುದು ಗೊತ್ತು, ಗುರು ಗೋವಿಂದ ಭಟ್ಟರು ಗೊತ್ತು, ‘ಶಿಶುನಾಳಧೀಶ’ ಎಂಬ ಅಂಕಿತ ಗೊತ್ತು. ಆದರೆ ಯಾವ ಪದವನ್ನು ಯಾವ ವರ್ಷ ಕಟ್ಟಿದರು ಎಂಬುದಕ್ಕೆ ದಾಖಲೆಯಿಲ್ಲ, ಮತ್ತು ಇಂದು ನಮ್ಮ ಕಿವಿಯಲ್ಲಿರುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಅವರು ಕೂಡಿಸಿದವು. ಅಲ್ಲಿನ ಕಷ್ಟ ಮಾಹಿತಿ ಇಲ್ಲದಿರುವುದು. ಕೊಹೆನ್ ಅವರ ವಿಷಯದಲ್ಲಿ ಕಷ್ಟ ಅದರ ತದ್ವಿರುದ್ಧ: ಐವತ್ತು ವರ್ಷಗಳ ಸಂದರ್ಶನಗಳು, ಒಂದೇ ಘಟನೆಗೆ ಅವರೇ ಹೇಳಿದ ಹಲವು ರೂಪಗಳು, ಮತ್ತು ಅಭಿಮಾನಿಗಳು ಅದರ ಮೇಲೆ ಹೊದಿಸಿದ ಕಥೆಗಳು. ಈಗ ಬರೆಯಲು ಹೊರಡುವ ಹೆಚ್ಚಿನವರಿಗೆ ಎದುರಾಗುವುದು ಈ ಎರಡನೆಯ ಕಷ್ಟವೇ.

ಮೊದಲು ಪಟ್ಟಿ, ಆಮೇಲೆ ಕಥೆ

ಲೇಖನದ ಮೊದಲ ವಾಕ್ಯವನ್ನು ಬರೆಯುವ ಮುನ್ನ ಉದ್ದ ಗೆರೆಯ ನೋಟ್‌ಬುಕ್ಕಿನ ಎದುರು ಬದುರು ಪುಟಗಳನ್ನು ತೆರೆದುಕೊಳ್ಳಿ. ಎಡಪುಟದಲ್ಲಿ ಬದುಕಿನ ಘಟನೆಗಳಿರಲಿ, ಬಲಪುಟದಲ್ಲಿ ಹಾಡುಗಳಿರಲಿ. ಎಡಪುಟ ಸುಲಭವಾಗಿ ತುಂಬುತ್ತದೆ: 1934ರ ಸೆಪ್ಟೆಂಬರ್ 21ರಂದು ಮಾಂಟ್ರಿಯಲ್ಲಿನ ವೆಸ್ಟ್‌ಮೌಂಟ್‌ನಲ್ಲಿ ಜನನ, ಒಂಬತ್ತನೆಯ ವಯಸ್ಸಿನಲ್ಲಿ ತಂದೆಯ ಸಾವು, ಮೆಕ್‌ಗಿಲ್ ವಿಶ್ವವಿದ್ಯಾಲಯದ ಓದು, 1956ರಲ್ಲಿ ಮೊದಲ ಕವನಸಂಕಲನ, 1960ರಲ್ಲಿ ಗ್ರೀಸಿನ ಹೈಡ್ರಾ ದ್ವೀಪದಲ್ಲಿ 1,500 ಡಾಲರಿಗೆ ಕೊಂಡ ಮನೆ, 1963 ಮತ್ತು 1966ರಲ್ಲಿ ಎರಡು ಕಾದಂಬರಿಗಳು. ಬಲಪುಟವೇ ಬೆವರಿಳಿಸುವುದು. ಅಲ್ಲಿ ಪ್ರತಿ ಹಾಡಿಗೂ ಒಂದು ವರ್ಷ ಸಾಲದು, ನಾಲ್ಕು ಬೇಕು: ಮಾತು ಬರೆದ ವರ್ಷ, ಮೊದಲು ಅಚ್ಚಾದ ಅಥವಾ ಬೇರೆಯವರು ಹಾಡಿದ ವರ್ಷ, ಕಟ್ಟಿದವರೇ ಹಾಡಿ ಧ್ವನಿಮುದ್ರಿಸಿದ ವರ್ಷ, ಮತ್ತು ಅದು ಜನರ ಬಾಯಿಗೆ ಬಂದ ವರ್ಷ.

ನಾಲ್ಕು ಏಕೆ ಎಂಬುದು ‘ಸುಝಾನ್’ ಹಾಡಿನಿಂದಲೇ ತಿಳಿಯುತ್ತದೆ. ಕೊಹೆನ್ ಅವರ ಮೊದಲ ಆಲ್ಬಮ್ ಬಂದದ್ದು 1967ರ ಡಿಸೆಂಬರ್ 27ರಂದು, ಆಗ ಅವರ ವಯಸ್ಸು 33. ಹಾಡು ಆ ಆಲ್ಬಮ್ಮಿನ ಮೊದಲನೆಯದಾದ್ದರಿಂದ ಅನೇಕರು ಅದರ ಮುಂದೆ 1967 ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಅದು ಕವಿತೆಯಾಗಿ 1966ರಲ್ಲೇ ಅಚ್ಚಾಗಿತ್ತು, ಮತ್ತು ಅದೇ ವರ್ಷ ಅಮೆರಿಕದ ಗಾಯಕಿ ಜೂಡಿ ಕಾಲಿನ್ಸ್ ಅದನ್ನು ತಮ್ಮ ಆಲ್ಬಮ್ಮಿನಲ್ಲಿ ಹಾಡಿದ್ದರು. ಅಂದರೆ ಕೊಹೆನ್ ಗಾಯಕರಾಗಿ ಜನರ ಮುಂದೆ ಬರುವ ಮೊದಲೇ ಅವರ ಹಾಡು ಬೇರೊಬ್ಬರ ಕಂಠದಲ್ಲಿ ಜನರನ್ನು ತಲುಪಿತ್ತು. ಕವಿ ಗಾಯಕನಾದ ಕಥೆಯ ತಿರುವು ಇರುವುದೇ ಆ ಒಂದು ವರ್ಷದ ಅಂತರದಲ್ಲಿ; ಒಂದೇ ವರ್ಷ ಬರೆದುಕೊಂಡರೆ ತಿರುವೇ ಕಾಣದಾಗುತ್ತದೆ.

‘ಹಲೆಲೂಯ’ ಇನ್ನೂ ದೀರ್ಘವಾದ ಉದಾಹರಣೆ. ಕೊಹೆನ್ ಅದಕ್ಕಾಗಿ ವರ್ಷಗಟ್ಟಲೆ ನೋಟ್‌ಬುಕ್ಕುಗಳನ್ನು ತುಂಬಿಸಿದರು. ಕೈಬಿಟ್ಟ ಚರಣಗಳ ಸಂಖ್ಯೆ ಎಂಬತ್ತರಷ್ಟು ಎಂದು ಸಾಮಾನ್ಯವಾಗಿ ಹೇಳುವುದುಂಟು. 1984ರಲ್ಲಿ ಆಲ್ಬಮ್ ಸಿದ್ಧವಾದಾಗ ಅವರ ಕಂಪನಿಯಾದ ಕೊಲಂಬಿಯಾ ಅದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲಿಲ್ಲ. ಅಲ್ಲಿ ಅದು ಒಂದು ಚಿಕ್ಕ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂತು. 1991ರಲ್ಲಿ ಜಾನ್ ಕೇಲ್ ಈ ಹಾಡನ್ನು ಹಾಡಬೇಕೆಂದು ಸಾಹಿತ್ಯ ಕೇಳಿದಾಗ ಕೊಹೆನ್ ಫ್ಯಾಕ್ಸಿನಲ್ಲಿ ಹದಿನೈದು ಪುಟ ಕಳುಹಿಸಿದರೆಂದು ಕೇಲ್ ಹೇಳಿದ್ದಾರೆ. ಕೇಲ್ ಅದರಿಂದ ತಮಗೆ ಬೇಕಾದ ಚರಣಗಳನ್ನು ಆಯ್ದು ಹಾಡಿದರು. ಆ ಪಾಠವನ್ನೇ ಹಿಡಿದು ಜೆಫ್ ಬಕ್ಲಿ 1994ರಲ್ಲಿ ಹಾಡಿದರು. 2001ರಲ್ಲಿ ಒಂದು ಮಕ್ಕಳ ಅನಿಮೇಷನ್ ಚಿತ್ರದಲ್ಲಿ ಬಳಕೆಯಾಗಿ ಅದು ಮನೆಮಾತಾಯಿತು. 2008ರ ಕ್ರಿಸ್ಮಸ್ ವೇಳೆಗೆ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅಲೆಕ್ಸಾಂಡ್ರಾ ಬರ್ಕ್ ಹಾಡಿದ ‘ಹಲೆಲೂಯ’ ಮೊದಲನೆಯ ಸ್ಥಾನದಲ್ಲೂ ಬಕ್ಲಿಯವರದು ಎರಡನೆಯ ಸ್ಥಾನದಲ್ಲೂ ಇದ್ದರೆ, ಕಟ್ಟಿದವರ ಸ್ವಂತ ಧ್ವನಿಯ ಮುದ್ರಿಕೆ 36ನೆಯ ಸ್ಥಾನದಲ್ಲಿತ್ತು. ಬರೆದ ಕಾಲಕ್ಕೂ ಜಗತ್ತು ಕಿವಿಗೊಟ್ಟ ಕಾಲಕ್ಕೂ ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕ ಅಂತರವಿದೆ. ‘1984ರಲ್ಲಿ ಹಲೆಲೂಯ ಹಾಡಿನ ಮೂಲಕ ವಿಶ್ವಪ್ರಸಿದ್ಧರಾದರು’ ಎಂಬ ವಾಕ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಓದಿದ್ದೇನೆ. ಬಲಪುಟವನ್ನು ತುಂಬಿಸಿದವರು ಅಂಥ ವಾಕ್ಯವನ್ನು ಬರೆಯಲಾರರು.

ಪಟ್ಟಿ ಮುಗಿದ ಮೇಲೆ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಖಾಲಿ ಜಾಗಗಳನ್ನು ನೋಡಿ. 1992ರ ಆಲ್ಬಮ್ಮಿನ ನಂತರ ಮುಂದಿನದು 2001ರಲ್ಲಿ. 1993ರ ಪ್ರವಾಸದ ನಂತರ ಮುಂದಿನ ಪ್ರವಾಸ 2008ರಲ್ಲಿ. ಲೇಖನದ ಅಧ್ಯಾಯಗಳನ್ನು ಹತ್ತು ಹತ್ತು ವರ್ಷಕ್ಕೆ ಕತ್ತರಿಸುವ ಬದಲು ಇಂಥ ಬಿರುಕುಗಳಲ್ಲಿ ಕತ್ತರಿಸುವುದು ಲೇಸು, ಏಕೆಂದರೆ ಬದುಕು ಅಲ್ಲಿ ತಾನಾಗಿಯೇ ತುಂಡಾಗಿರುತ್ತದೆ.

ಹಾಡು ದಿನಚರಿಯಲ್ಲ

ನಾನೇ ಹಿಂದೊಮ್ಮೆ ಬರೆದ ಲೇಖನದಲ್ಲಿ ‘ಸುಝಾನ್’ ಹಾಡು ಕೊಹೆನ್ ಅವರ ಮಕ್ಕಳ ತಾಯಿಯನ್ನು ಕುರಿತದ್ದು ಎಂದು ಬರೆದುಬಿಟ್ಟಿದ್ದೆ. ಆಕೆಯ ಹೆಸರೂ ಸುಝಾನ್. ಅಷ್ಟೇ ನನ್ನ ಆಧಾರ. ಹಾಡಿನಲ್ಲಿರುವವರು ಮಾಂಟ್ರಿಯಲ್ಲಿನ ನದಿಯ ದಡದ ಬಳಿ ವಾಸವಾಗಿದ್ದ ಒಬ್ಬ ನರ್ತಕಿ, ಮತ್ತು ಹಾಡು ಅಚ್ಚಾದಾಗ ಆ ಇನ್ನೊಬ್ಬ ಸುಝಾನ್ ಕವಿಯ ಬದುಕಿನೊಳಗೆ ಬಂದೇ ಇರಲಿಲ್ಲ ಎಂಬುದನ್ನು ಓದುಗರೊಬ್ಬರು ಪತ್ರ ಬರೆದು ತಿಳಿಸಿದರು. ಎಡಪುಟ ಮತ್ತು ಬಲಪುಟದ ಅಭ್ಯಾಸ ನನಗೆ ಬಂದದ್ದು ಆ ಪತ್ರದ ನಂತರ.

ಹಾಡಿನ ಹಿಂದೆ ನಿಜವಾದ ವ್ಯಕ್ತಿ ಇದ್ದಾಗಲೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಯಾರು, ಯಾವಾಗ ಹೇಳಿದರು, ಹೇಳಿದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಟ್ಟರೆ? ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನ ಹೆಸರು ಹೊತ್ತ 1974ರ ಹಾಡು ಗಾಯಕಿ ಜಾನಿಸ್ ಜಾಪ್ಲಿನ್ ಅವರನ್ನು ಕುರಿತದ್ದು ಎಂದು ಕೊಹೆನ್ ವೇದಿಕೆಯ ಮೇಲೆ ಹೇಳುತ್ತಿದ್ದರು. ಜಾಪ್ಲಿನ್ 1970ರಲ್ಲೇ ತೀರಿಕೊಂಡಿದ್ದುದರಿಂದ ಉತ್ತರಿಸುವ ಅವಕಾಶ ಅವರಿಗಿರಲಿಲ್ಲ. ಹಾಗೆ ಹೆಸರು ಹೇಳಿದ್ದು ಸಭ್ಯತೆಯಲ್ಲ ಎಂದು ಮುಂದೆ ಕೊಹೆನ್ ಅವರೇ ಬಹಿರಂಗವಾಗಿ ವಿಷಾದಿಸಿದರು. ಈ ಪ್ರಸಂಗವನ್ನು ಬರೆಯುವುದಾದರೆ ವಿಷಾದದ ಸಮೇತ ಬರೆಯಬೇಕು. ಮೊದಲ ಅರ್ಧವನ್ನಷ್ಟೇ ಬರೆದರೆ ಅವರು ಹಿಂತೆಗೆದುಕೊಂಡ ಮಾತನ್ನು ಅವರ ಬಾಯಿಗೆ ಮತ್ತೆ ತುರುಕಿದಂತಾಗುತ್ತದೆ.

ಬದುಕಿದ್ದಾಗ ಬಂದ ಕೊನೆಯ ಆಲ್ಬಮ್ಮಿನ ವಿಷಯದಲ್ಲಿ ಪ್ರಲೋಭನೆ ಇನ್ನೂ ಬಲವಾದದ್ದು. ಅದರ ಶೀರ್ಷಿಕೆ ಹಾಡು ಹೊರಬಂದದ್ದು ಅವರ 82ನೆಯ ಹುಟ್ಟುಹಬ್ಬದಂದು, ಆಲ್ಬಮ್ ಬಂದದ್ದು 2016ರ ಅಕ್ಟೋಬರ್ 21ರಂದು, ಅವರು ತೀರಿಕೊಂಡದ್ದು ನವೆಂಬರ್ 7ರಂದು. ಹದಿನೇಳು ದಿನಗಳ ಈ ಅಂತರವನ್ನು ಕಂಡವರಿಗೆಲ್ಲ ‘ಸಾವನ್ನು ಮೊದಲೇ ಕಂಡ ಕವಿ’ ಎಂದು ಬರೆಯುವ ಆಸೆ ಹುಟ್ಟುತ್ತದೆ. ಬೆನ್ನುಮೂಳೆಯ ತೊಂದರೆಯಿಂದ ಮನೆಯಲ್ಲೇ ಕುರ್ಚಿಯಲ್ಲಿ ಕುಳಿತು ಹಾಡಿದ್ದು, ಮಾಂಟ್ರಿಯಲ್ಲಿನ ತಮ್ಮ ಮನೆತನದ ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ಗಾಯಕವೃಂದವನ್ನು ಹಿಮ್ಮೇಳಕ್ಕೆ ಕರೆಸಿಕೊಂಡದ್ದು ಇವೆಲ್ಲ ನಿಜ. ಆದರೆ ಸಾಯಲು ಸಿದ್ಧನಿದ್ದೇನೆ ಎಂಬ ತಮ್ಮ ಮಾತು ಪತ್ರಿಕೆಯಲ್ಲಿ ಬಂದು ಸುದ್ದಿಯಾದ ಕೆಲವೇ ದಿನಗಳಲ್ಲಿ ಅದು ಸ್ವಲ್ಪ ಅತಿಯಾಯಿತೆಂದೂ, ಚಿರಕಾಲ ಬದುಕುವ ಯೋಚನೆಯಿದೆಯೆಂದೂ ಅವರು ಸಭೆಯಲ್ಲಿ ನಗೆಯಾಡಿದರು. ಸಾವಿಗೆ ನೇರ ಕಾರಣವಾದದ್ದು ರಾತ್ರಿಯಲ್ಲಿ ಬಿದ್ದದ್ದು. ಸಾವಿನ ವಿಷಯ ಅವರ ಮೊದಲ ಸಂಕಲನದಿಂದಲೂ ಇತ್ತು. ಕಾಲಾನುಕ್ರಮವನ್ನು ನಿಷ್ಠೆಯಿಂದ ಬರೆಯಿರಿ, ಭವಿಷ್ಯವಾಣಿಯನ್ನು ಓದುಗರ ಊಹೆಗೆ ಬಿಡಿ.

ಮಾತನ್ನೂ ಧಾತುವನ್ನೂ ಒಟ್ಟಿಗೆ ಕೇಳುವುದು

ಕನ್ನಡದಲ್ಲಿ ಇಂಥ ಲೇಖನಗಳನ್ನು ಬರೆಯುವವರು ಹೆಚ್ಚಾಗಿ ಸಾಹಿತ್ಯದ ಕಡೆಯಿಂದ ಬಂದವರು. ಅದರ ಪರಿಣಾಮವಾಗಿ ಹಾಡಿನ ಸಾಲುಗಳ ಅರ್ಥಕ್ಕೆ ನಾಲ್ಕು ಪುಟ ಸಿಕ್ಕರೆ ಸಂಗೀತಕ್ಕೆ ‘ಸುಮಧುರ’ ಎಂಬ ಒಂದು ಪದ ಸಿಗುತ್ತದೆ. ಆ ಪದವನ್ನೂ, ಅದರ ನೆಂಟರಾದ ‘ಗಾನಗಾರುಡಿಗ’, ‘ಸ್ವರಮಾಂತ್ರಿಕ’ ಮುಂತಾದವನ್ನೂ ಶ್ರದ್ಧಾಂಜಲಿಯ ಫ್ಲೆಕ್ಸುಗಳಿಗೆ ಬಿಟ್ಟುಕೊಡಬೇಕು.

ಸಂಗೀತಶಾಸ್ತ್ರ ಗೊತ್ತಿಲ್ಲದವರೂ ಮಾಡಬಹುದಾದ ಕೆಲಸ ಸಾಕಷ್ಟಿದೆ. ಒಂದು ಹಾಡನ್ನು ಸಾಹಿತ್ಯದ ಹಾಳೆ ಮುಂದಿಲ್ಲದೆ ಎರಡು ಸಲ ಕೇಳಿ, ಲಯವನ್ನು ಕೈಯಲ್ಲಿ ಎಣಿಸಿ, ಯಾವ ವಾದ್ಯ ಯಾವಾಗ ಸೇರಿತು, ಹಿಮ್ಮೇಳದ ಧ್ವನಿಗಳು ಯಾವ ಸಾಲಿಗೆ ಬಂದವು ಎಂದು ಗುರುತು ಹಾಕಿಕೊಳ್ಳಿ. ಮೂರನೆಯ ಸಲ ಸಾಹಿತ್ಯವನ್ನು ಮುಂದಿಟ್ಟುಕೊಳ್ಳಿ. ‘ಹಲೆಲೂಯ’ವನ್ನು ಹೀಗೆ ಕೇಳಿದವರಿಗೆ ಅದು ಮೂರರ ಗುಂಪಿನಲ್ಲಿ, ನಮ್ಮ ತಿಶ್ರ ನಡೆಯಂತೆ ತೂಗುತ್ತಾ ಸಾಗುವುದು ತಿಳಿಯುತ್ತದೆ. ಮೊದಲ ಚರಣದಲ್ಲಿ ನಾಲ್ಕನೆಯ ಮತ್ತು ಐದನೆಯ ಸ್ವರಮೇಳಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಅಂದರೆ ಕಾರ್ಡ್) ಮಾತು ಹೆಸರಿಸುವ ಗಳಿಗೆಯಲ್ಲೇ ಹಿಮ್ಮೇಳವೂ ಆ ಸ್ವರಮೇಳಗಳಿಗೇ ಹೋಗುತ್ತದೆ. ಮೈನರ್ ಎಂದಾಗ ಮೈನರ್ ಸ್ವರಮೇಳಕ್ಕೆ ಇಳಿಯುತ್ತದೆ, ಮೇಜರ್ ಎಂದಾಗ ಮೇಜರಿಗೆ ಏರುತ್ತದೆ. ಹಾಡು ಕಟ್ಟುವವನ ಕುಶಲ ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ, ಮತ್ತು ಸಾಹಿತ್ಯವನ್ನು ಮಾತ್ರ ಓದಿದವರಿಗೆ ಅದು ಎಂದೂ ಸಿಗುವುದಿಲ್ಲ. ಪುರಂದರದಾಸರ ವಿಷಯದಲ್ಲಿ ನಮಗೆ ಈ ಭಾಗ್ಯವಿಲ್ಲ: ಮಾತು ಅಂಕಿತದ ಸಮೇತ ಉಳಿದಿದೆ, ಆದರೆ ದೇವರನಾಮಗಳ ಮೂಲ ಧಾತು ಬಹುಪಾಲು ಕಳೆದುಹೋಗಿದೆ. ಎರಡೂ ಉಳಿದಿರುವ ಕಡೆ ಒಂದನ್ನು ಬಿಟ್ಟು ಬರೆಯುವುದು ಕೈಯಲ್ಲಿರುವ ಸಾಕ್ಷ್ಯವನ್ನು ಎಸೆದಂತೆ.

ಅದೇ ಹಾಡನ್ನು ಬೇರೆ ಬೇರೆ ವಯಸ್ಸಿನಲ್ಲಿ ಹಾಡಿದ ಮುದ್ರಿಕೆಗಳು ಇದ್ದರೆ ಅವನ್ನು ಹೋಲಿಸಿ. 1967ರ ಕೊಹೆನ್ ಅವರದು ಗಿಟಾರಿನ ಬೆರಳಾಟದ ಮೇಲೆ ತೇಲುವ ತೆಳುವಾದ ಧ್ವನಿ. 1988ರ ಹೊತ್ತಿಗೆ ಶ್ರುತಿ ಬಹಳ ಕೆಳಗಿಳಿದು, ಗಿಟಾರಿನ ಜಾಗಕ್ಕೆ ಅಗ್ಗದ ಕೀಬೋರ್ಡ್ ಬಂದು, ಹಾಡುವುದಕ್ಕಿಂತ ಹೇಳುವುದೇ ಹೆಚ್ಚಾಗಿದೆ. 2008ರ ಲಂಡನ್ ಕಛೇರಿಯಲ್ಲಿ ಆ ಧ್ವನಿ ಇನ್ನಷ್ಟು ಆಳಕ್ಕೆ ಹೋಗಿದೆ. ಧ್ವನಿ ಇಳಿದಂತೆಲ್ಲ ಸಾಲುಗಳು ಚಿಕ್ಕದಾದವು, ಹಾಸ್ಯ ಹೆಚ್ಚಿತು, ಹೆಣ್ಣುಧ್ವನಿಗಳ ಹಿಮ್ಮೇಳ ಮುಂದೆ ಬಂತು ಎಂದು ನನಗೆ ಅನ್ನಿಸುತ್ತದೆ. ನೀವು ಒಪ್ಪದಿರಬಹುದು, ಆದರೆ ಲೇಖಕರ ಇಂಥ ಒಂದಾದರೂ ತೀರ್ಮಾನ ಇಲ್ಲದ ಜೀವನಕಥನವು ವಿಶ್ವಕೋಶದ ನಮೂದಿನಂತೆ ಒಣಗಿರುತ್ತದೆ.

ಇದರ ಜೊತೆಗೇ ಪಾಲುದಾರರನ್ನೂ ಗಮನಿಸಬೇಕು. ‘ತಾನೇ ಬರೆದು ತಾನೇ ಹಾಡಿದ’ ಎಂಬ ಬಿರುದು ಎಷ್ಟೋ ಸಲ ಪೂರ್ಣ ನಿಜವಲ್ಲ. 2001ರ ಆಲ್ಬಮ್ಮಿನ ಎಲ್ಲ ಹಾಡುಗಳಲ್ಲೂ ಷರಾನ್ ರಾಬಿನ್‌ಸನ್ ಅವರ ಸಹರಚನೆಯಿದೆ. 2014ರ ಆಲ್ಬಮ್ಮಿನಲ್ಲಿ ಪ್ಯಾಟ್ರಿಕ್ ಲೆನಾರ್ಡ್ ಅವರ ಪಾಲು ದೊಡ್ಡದು. 1987ರಲ್ಲಿ ಜೆನಿಫರ್ ವಾರ್ನ್ಸ್ ಕೊಹೆನ್ ಅವರ ಹಾಡುಗಳದ್ದೇ ಒಂದು ಆಲ್ಬಮ್ ಮಾಡಿದ್ದು, ಅಮೆರಿಕ ಬಹುಮಟ್ಟಿಗೆ ಮರೆತಿದ್ದ ಕವಿಯ ಕಡೆಗೆ ಮತ್ತೆ ಕಿವಿ ತಿರುಗಿಸಿತು. ಆಲ್ಬಮ್ಮಿನ ಹೊದಿಕೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರುಗಳನ್ನು ಪೂರ್ತಿ ಓದದೆ ಯಾರಿಗೂ ಒಂಟಿ ಪ್ರತಿಭೆಯ ಕಿರೀಟ ತೊಡಿಸಬೇಡಿ.

ಹಣದ ಪುಟ

ಕಲಾವಿದರ ಜೀವನಕಥನದಲ್ಲಿ ಹಣದ ಮಾತೆತ್ತುವುದು ನಮ್ಮವರಿಗೆ ಮುಜುಗರ. ಆದರೆ ಹಾಡು ಕಟ್ಟುವವರ ವೃತ್ತಿಜೀವನದ ಹೆಚ್ಚಿನ ತಿರುವುಗಳಿಗೆ ಕಾರಣ ಸಿಗುವುದು ಲೆಕ್ಕದ ಪುಸ್ತಕದಲ್ಲಿ. ಕೊಹೆನ್ ಕವಿತೆಯನ್ನು ಬಿಟ್ಟು ಹಾಡಿಗೆ ಬಂದದ್ದೇಕೆ ಎಂಬ ಪ್ರಶ್ನೆಗೆ ಕಾವ್ಯಾತ್ಮಕ ಉತ್ತರಗಳು ಹತ್ತಿವೆ. ಅವರೇ ಪದೇ ಪದೇ ಹೇಳಿದ ಉತ್ತರವೆಂದರೆ ಪುಸ್ತಕಗಳಿಂದ ಹೊಟ್ಟೆ ತುಂಬುತ್ತಿರಲಿಲ್ಲ ಎಂಬುದು. ಹೀಗೆ ಹಣಕ್ಕಾಗಿ ಹಾಡಿಗೆ ಬಂದವರು ತಮ್ಮ ಅತ್ಯಂತ ಪ್ರಸಿದ್ಧ ಹಾಡುಗಳಲ್ಲೊಂದಾದ ‘ಸುಝಾನ್’ನ ಹಕ್ಕನ್ನು ಆರಂಭದಲ್ಲೇ, ಸರಿಯಾಗಿ ತಿಳಿಯದೆ ಸಹಿ ಹಾಕಿದ ಕಾಗದಗಳಲ್ಲಿ ಕಳೆದುಕೊಂಡರು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಎಪ್ಪತ್ತನೆಯ ವಯಸ್ಸಿನಲ್ಲಿ. ನಿವೃತ್ತಿಗೆಂದು ಕೂಡಿಟ್ಟಿದ್ದ ಹಣ ದೀರ್ಘಕಾಲದ ವ್ಯವಸ್ಥಾಪಕಿಯ ಕೈಯಲ್ಲಿ ಕರಗಿಹೋಗಿದೆ ಎಂಬುದು 2004ರಲ್ಲಿ ತಿಳಿಯಿತು. ಹೋದದ್ದು 50 ಲಕ್ಷ ಡಾಲರಿಗೂ ಮಿಕ್ಕು ಎಂದೂ ಉಳಿದದ್ದು ಸುಮಾರು ಒಂದೂವರೆ ಲಕ್ಷ ಡಾಲರ್ ಎಂದೂ ಆಗ ವರದಿಯಾಯಿತು. 2006ರಲ್ಲಿ ಲಾಸ್ ಏಂಜಲಿಸ್‌ನ ನ್ಯಾಯಾಲಯ ಸುಮಾರು 90 ಲಕ್ಷ ಡಾಲರ್ ಕೊಡಿಸುವ ತೀರ್ಪು ನೀಡಿತಾದರೂ ಹಣ ಕೈಗೆ ಬರಲಿಲ್ಲ. ಈ ಹಿನ್ನೆಲೆಯಲ್ಲಿ 2008ರ ಮೇ 11ರಂದು, 73ನೆಯ ವಯಸ್ಸಿನಲ್ಲಿ, ಕೆನಡಾದ ಫ್ರೆಡರಿಕ್ಟನ್ ಎಂಬ ಸಣ್ಣ ಊರಿನ ರಂಗಮಂದಿರದಿಂದ ಅವರು ಪ್ರವಾಸ ಹೊರಟರು. ಹದಿನೈದು ವರ್ಷ ಪ್ರವಾಸ ಹೋಗದ ಮುದುಕ, ಸಾಲ ತೀರಿಸುವವರಂತೆ ಹೊರಟು, 2010ರ ಕೊನೆಯವರೆಗೂ, ಮತ್ತೆ 2012 ಮತ್ತು 2013ರಲ್ಲೂ, ಮೂರು ಗಂಟೆಗೂ ಮೀರಿದ ಕಛೇರಿಗಳನ್ನು ಕೊಟ್ಟು, ಬದುಕಿನಲ್ಲೇ ಅತಿ ಹೆಚ್ಚು ಕೇಳುಗರನ್ನು ಕಂಡರು. ಹಣದ ಪುಟವನ್ನು ಹಾರಿಸಿದರೆ ಈ ಪ್ರವಾಸ ಕೇವಲ ‘ಕಲೆಯ ಮೇಲಿನ ಅದಮ್ಯ ಪ್ರೀತಿ’ಯಾಗಿ ಕಾಣುತ್ತದೆ, ಹಣವನ್ನಷ್ಟೇ ಬರೆದರೆ, ಕಳೆದುಹೋದದ್ದು ಮರಳಿ ಬಂದ ಮೇಲೂ ಅವರು ಹಾಡುತ್ತಲೇ ಇದ್ದದ್ದು ಏಕೆ ಎಂಬುದಕ್ಕೆ ಉತ್ತರವಿಲ್ಲದಾಗುತ್ತದೆ. ಎರಡನ್ನೂ ಒಂದೇ ಪರಿಚ್ಛೇದದಲ್ಲಿ ಇಡಿ.

ಹಕ್ಕುಗಳ ಕಥೆ ಸಾವಿನೊಂದಿಗೆ ಮುಗಿಯುವುದಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಬಹುದು: 2022ರಲ್ಲಿ ಅವರ 278 ಹಾಡುಗಳ ಹಕ್ಕುಗಳನ್ನು ಹಿಪ್ನೋಸಿಸ್ ಎಂಬ ಹೂಡಿಕೆ ಸಂಸ್ಥೆ ಕೊಂಡುಕೊಂಡಿತು.

ದಂತಕಥೆಗಳನ್ನು ತೂಗುವುದು

ಬಾಬ್ ಡಿಲನ್ ಮತ್ತು ಕೊಹೆನ್ ಪ್ಯಾರಿಸ್ಸಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು ಮಾತಾಡಿದ ಪ್ರಸಂಗ ಪ್ರತಿ ಲೇಖನದಲ್ಲೂ ಬರುತ್ತದೆ. ‘ಹಲೆಲೂಯ’ ಬರೆಯಲು ಎಷ್ಟು ಕಾಲ ಹಿಡಿಯಿತು ಎಂದು ಡಿಲನ್ ಕೇಳಿದರು, ಕೊಹೆನ್ ಎರಡು ವರ್ಷ ಎಂದರು. ನಿಮ್ಮ ಇಂಥ ಹಾಡಿಗೆ ಎಷ್ಟು ಕಾಲ ಎಂದು ಕೊಹೆನ್ ತಿರುಗಿ ಕೇಳಿದಾಗ ಡಿಲನ್ ಹದಿನೈದು ನಿಮಿಷ ಎಂದರು. ಈ ಕಥೆ ನಮಗೆ ಬಂದಿರುವುದು ಕೊಹೆನ್ ಅವರ ಬಾಯಿಂದ, ಮತ್ತು ತಾನು ಆಗ ಸುಳ್ಳು ಹೇಳಿದೆ, ಹಿಡಿದದ್ದು ಅದಕ್ಕಿಂತ ಹೆಚ್ಚು ವರ್ಷ ಎಂದು ಸೇರಿಸುವವರೂ ಅವರೇ. ಆದ್ದರಿಂದ ‘ಎರಡು ವರ್ಷ ಹಿಡಿಯಿತು’ ಎಂಬುದು ಹಾಡಿನ ಕಾಲಮಾನಕ್ಕೆ ಆಧಾರವಾಗದು. ತಮ್ಮ ನಿಧಾನಕ್ಕೆ ತಾವೇ ನಾಚಿದ ಒಬ್ಬ ಕುಶಲಕರ್ಮಿಯ ಸ್ವಭಾವಕ್ಕೆ ಆಧಾರವಾಗುತ್ತದೆ. ದಂತಕಥೆಯನ್ನು ಎಸೆಯಬೇಕಿಲ್ಲ, ಅದು ಯಾವುದಕ್ಕೆ ಸಾಕ್ಷಿ ಎಂಬುದನ್ನು ಗುರುತಿಸಿದರೆ ಸಾಕು.

ಇನ್ನೊಂದು ಕಥೆಯನ್ನು ಅವರು 2011ರ ಅಕ್ಟೋಬರಿನಲ್ಲಿ ಸ್ಪೇನಿನ ಓವಿಯೆಡೊ ನಗರದಲ್ಲಿ, ಪ್ರಿನ್ಸ್ ಆಫ್ ಅಸ್ಟೂರಿಯಾಸ್ ಪ್ರಶಸ್ತಿ ಸ್ವೀಕರಿಸುವಾಗ ಹೇಳಿದರು. ಮಾಂಟ್ರಿಯಲ್ಲಿನ ಉದ್ಯಾನದಲ್ಲಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಸ್ಪೇನಿನ ಯುವಕ ಅವರಿಗೆ ಮೂರು ದಿನ ಪಾಠ ಹೇಳಿ ಆರು ಸ್ವರಮೇಳಗಳನ್ನು ಕಲಿಸಿದ. ನಾಲ್ಕನೆಯ ದಿನ ಬರಲಿಲ್ಲ. ವಿಚಾರಿಸಿದಾಗ ಆತ್ಮಹತ್ಯೆ ಮಾಡಿಕೊಂಡಿದ್ದನೆಂದು ತಿಳಿಯಿತು. ಆ ಆರು ಸ್ವರಮೇಳಗಳೇ ತಮ್ಮೆಲ್ಲ ಹಾಡುಗಳ ಬುನಾದಿ ಎಂದರು ಕೊಹೆನ್. ಇದನ್ನು ಯೌವನದ ಭಾಗದಲ್ಲಿ ಘಟನೆಯಾಗಿ ಇಡಬೇಕೆ, 2011ರ ಭಾಗದಲ್ಲಿ ಮಾತಾಗಿ ಇಡಬೇಕೆ ಎಂಬುದು ಸಣ್ಣ ಪ್ರಶ್ನೆಯಲ್ಲ. ನಾನಾದರೆ 2011ರಲ್ಲೇ ಇಡುತ್ತೇನೆ: ಎಪ್ಪತ್ತೇಳರ ಕವಿ, ತನ್ನ ಕೆಲಸದಲ್ಲಿ ಮೆಚ್ಚುವಂಥದ್ದೆಲ್ಲ ಆ ನೆಲದಿಂದಲೇ ಬಂದದ್ದು ಎಂದು ಹೇಳಿದ ಆ ಸಂದರ್ಭದಲ್ಲಿ ಅದಕ್ಕೆ ಹೆಚ್ಚಿನ ತೂಕವಿದೆ.

ನಮ್ಮವರಿಗೆ ಮಾತ್ರ ಎದುರಾಗುವ ಒಂದು ಪ್ರಲೋಭನೆಯೂ ಉಂಟು. ಕೊಹೆನ್ 1994ರಿಂದ 1999ರವರೆಗೆ ಲಾಸ್ ಏಂಜಲಿಸ್ ಬಳಿಯ ಮೌಂಟ್ ಬಾಲ್ಡಿಯ ಝೆನ್ ಬೌದ್ಧ ಆಶ್ರಮದಲ್ಲಿದ್ದು, 1996ರಲ್ಲಿ ‘ಜಿಕಾನ್’ ಎಂಬ ಹೆಸರಿನಲ್ಲಿ ಭಿಕ್ಷುದೀಕ್ಷೆ ಪಡೆದರು. ಆಮೇಲೆ, 1999ರಲ್ಲಿ ಮುಂಬೈಗೆ ಬಂದು, ಬ್ಯಾಂಕಿನ ಉನ್ನತ ಹುದ್ದೆಯಿಂದ ನಿವೃತ್ತರಾಗಿ ಅದ್ವೈತವನ್ನು ಬೋಧಿಸುತ್ತಿದ್ದ ರಮೇಶ್ ಬಾಲ್ಸೇಕರ್ ಅವರ ಮನೆಯ ಸತ್ಸಂಗಕ್ಕೆ ತಿಂಗಳುಗಟ್ಟಲೆ ಹೋಗುತ್ತಿದ್ದರು. ದಶಕಗಳಿಂದ ಕಾಡುತ್ತಿದ್ದ ಖಿನ್ನತೆ ಆ ದಿನಗಳ ಆಸುಪಾಸಿನಲ್ಲಿ ಸರಿದುಹೋಯಿತೆಂದು ಅವರು ಹೇಳಿಕೊಂಡಿದ್ದಾರೆ. ಇಲ್ಲಿ ‘ಭಾರತ ಅವರನ್ನು ಗುಣಪಡಿಸಿತು’ ಎಂದು ಬರೆಯಲು ಕೈ ತುರಿಸುತ್ತದೆ. ಅವರು ಆ ಕಾರಣವನ್ನು ಅಷ್ಟು ಖಚಿತವಾಗಿ ಹೇಳಲಿಲ್ಲ, ಯಹೂದಿ ಸಂಪ್ರದಾಯವನ್ನೂ ಬಿಡಲಿಲ್ಲ, ಝೆನ್ ಗುರುವನ್ನೂ ಬಿಡಲಿಲ್ಲ. ಮುಂಬೈಗೆ ಒಂದು ಪರಿಚ್ಛೇದ ಸಾಕು.

ಕನ್ನಡದಲ್ಲಿ ಬರೆಯುವಾಗ

ಮೊದಲ ವಾಕ್ಯದಲ್ಲೇ ತೀರ್ಮಾನಿಸಬೇಕಾದದ್ದು ಏಕವಚನವೋ ಬಹುವಚನವೋ ಎಂಬುದನ್ನು. ನಾವು ‘ಪಂಪ ಬರೆದ’ ಎನ್ನುತ್ತೇವೆ, ‘ಬೇಂದ್ರೆ ಬರೆದರು’ ಎನ್ನುತ್ತೇವೆ. ಕಾಲ ದೂರವಾದಂತೆ ಗೌರವ ಏಕವಚನದೊಳಗೆ ಅಡಗುತ್ತದೆ. ವಿದೇಶದವರ ವಿಷಯ ಬಂದಾಗ ಮಾತ್ರ ನಮ್ಮ ಕಾಲದವರನ್ನೂ ‘ಹಾಡಿದ’, ‘ಸತ್ತ’ ಎಂದು ಬರೆಯುವ ಅಭ್ಯಾಸ ನಮ್ಮಲ್ಲಿದೆ. ನನಗದು ಸರಿ ಕಾಣುವುದಿಲ್ಲ. ಏಕವಚನವೇ ನಿಮ್ಮ ಶೈಲಿಯಾದರೆ ಅದರಲ್ಲಿ ಆತ್ಮೀಯತೆಯಿದೆ, ಬಳಸಿ; ಆದರೆ ಕೊಹೆನ್ ಅವರಿಗೆ ಬಹುವಚನ, ಅವರ ಬದುಕಿನಲ್ಲಿ ಬರುವ ಹೆಂಗಸರಿಗೆಲ್ಲ ‘ಅವಳು’ ಎಂಬ ಪಂಕ್ತಿಭೇದ ಮಾತ್ರ ಬೇಡ.

ಹಾಡುಗಳ ಶೀರ್ಷಿಕೆಯನ್ನು ಅನುವಾದಿಸದೆ ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯಿರಿ, ಇಲ್ಲದಿದ್ದರೆ ಓದುಗರು ಹಾಡನ್ನು ಹುಡುಕಿ ಕೇಳಲಾರರು. ಸಾಲುಗಳನ್ನು ಉದ್ಧರಿಸುವ ವಿಷಯದಲ್ಲಿ ಕಾನೂನಿನ ಕಡೆಗೂ ಕಣ್ಣಿರಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಕೃತಿಗಳ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ಇರುತ್ತದೆ. 2016ರಲ್ಲಿ ತೀರಿಕೊಂಡವರ ಹಾಡುಗಳಿಗೆ ಅದು 2076ರ ಕೊನೆಯವರೆಗೆ ಎಂದಾಯಿತು. ವಿಮರ್ಶೆಗೆ ಅಗತ್ಯವಾದಷ್ಟು, ಅಂದರೆ ಒಂದೆರಡು ಸಾಲು ಉದ್ಧರಿಸಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಅನುವಾದದ ಹಕ್ಕೂ ಕರ್ತೃವಿನದೇ ಆದ್ದರಿಂದ, ಉತ್ಸಾಹದಲ್ಲಿ ಇಡೀ ಹಾಡನ್ನು ಕನ್ನಡಿಸಿ ಲೇಖನದ ಕೊನೆಗೆ ಅಂಟಿಸುವುದು ತಪ್ಪಾಗುತ್ತದೆ. ಅನುವಾದದ ಬದಲು ಹಾಡು ಏನು ಮಾಡುತ್ತದೆ ಎಂದು ನಿಮ್ಮ ಮಾತಿನಲ್ಲಿ ವಿವರಿಸಿದರೆ, ಹೆಚ್ಚಿನ ಸಂದರ್ಭಗಳಲ್ಲಿ ಲೇಖನವೂ ಉತ್ತಮವಾಗುತ್ತದೆ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನನ್ನ ಸಲಹೆ, ಹುಟ್ಟಿನಿಂದ ಬೇಡ. ಬಲಪುಟದಲ್ಲಿ ಯಾವ ಹಾಡಿನ ನಾಲ್ಕು ವರ್ಷಗಳ ನಡುವೆ ಅತಿ ದೊಡ್ಡ ಅಂತರವಿದೆಯೋ ಆ ಹಾಡಿನಿಂದ ಶುರುಮಾಡಿ, ಹುಟ್ಟೂರಿಗೆ ಮೂರನೆಯ ಅಥವಾ ನಾಲ್ಕನೆಯ ಪರಿಚ್ಛೇದದಲ್ಲಿ ಹೋಗಿ. ಮುಗಿಸುವಾಗ, ಸಾವಿನ ನಂತರ ಹೊರಬಂದ ಕೃತಿಗಳಿಗೂ ಪಟ್ಟಿಯ ನಿಯಮವನ್ನೇ ಅನ್ವಯಿಸಿ. ಕೊಹೆನ್ ಬದುಕಿದ್ದಾಗ ಬಂದ ಸ್ಟುಡಿಯೊ ಆಲ್ಬಮ್ಮುಗಳು ಹದಿನಾಲ್ಕು. ಹದಿನೈದನೆಯದು 2019ರಲ್ಲಿ ಬಂತು. ಕೊನೆಯ ದಿನಗಳಲ್ಲಿ ತಂದೆ ಹೇಳಿ ಮುದ್ರಿಸಿಟ್ಟಿದ್ದ ಮಾತುಗಳಿಗೆ ಮಗ ಆಡಮ್ ಸಂಗಾತಿಗಳನ್ನು ಕೂಡಿಸಿಕೊಂಡು ಸಂಗೀತ ಒದಗಿಸಿದರು. ಅದನ್ನು ತಂದೆಯ ಹೆಸರಿನ ಮುಂದೆ ಮಾತ್ರ ಬರೆಯದೆ, ಮಾತಿನ ಅಂಕಣದಲ್ಲಿ ತಂದೆಯನ್ನೂ ಧಾತುವಿನ ಅಂಕಣದಲ್ಲಿ ಮಗನನ್ನೂ ನಮೂದಿಸಿ.